ಮುಟ್ಟಬಾರದ ನೂರು ಕಾಯಿ

ಹುಳಿಯಾರಿನ ಬಸ್ಸು ಕಿಬ್ಬನಹಳ್ಳಿ ಕ್ರಾಸಿಗೆ ಬರುವುದು ಹತ್ತೂ ಕಾಲಿಗೆ. ಗುರುವಾರ ಆ ಹೊತ್ತಿಗೆ ನನ್ನ ಕೈ ಯಾವ ಮಗುವಿನ ಕಾಲು ಹಿಡಿದಿದ್ದರೂ ಕಿವಿ ಮಾತ್ರ ರಸ್ತೆಯ ಕಡೆಗೇ ಇರುತ್ತಿತ್ತು. ಆ ಬಸ್ಸಿನಿಂದ ಕೆಂಕೆರೆಯ ತಾಯಿಯೊಬ್ಬಳು ಹತ್ತು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ಇಳಿಯುತ್ತಿದ್ದಳು. ಇಳಿದವಳು ಸುಧಾರಿಸಿಕೊಳ್ಳುವುದರೊಳಗೆ ಮಗಳು ಅಲ್ಲಿಂದಲೇ ಕೂಗುತ್ತಿದ್ದಳು, "ಮಿಸ್, ಬಂದ್ವಿ!"

ನಾನು ಫಿಸಿಯೊಥೆರಪಿ ಮಾಡುವವಳು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಕಾಲೆಳೆಯೋ ಮೇಡಂ. ಹಿಂದೆ ಕೊಬ್ಬರಿ ತುಂಬುತ್ತಿದ್ದ ಗೋಡೌನೊಂದರ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ನಡೆಯಲಾಗದ ಮಕ್ಕಳಿಗೆ ವಾರಕ್ಕೊಂದು ದಿನ ವ್ಯಾಯಾಮ ಮಾಡಿಸುತ್ತೇನೆ. ಎಷ್ಟು ಸಲ ಸುಣ್ಣ ಬಳಿಸಿದರೂ ಗೋಡೆಗೆ ಹತ್ತಿದ ಎಣ್ಣೆ ಜಿಡ್ಡಿನ ವಾಸನೆ ಹೋಗಿಲ್ಲ. ಹನ್ನೊಂದು ಮಕ್ಕಳು ಬರುತ್ತಿದ್ದರು. ಎಲ್ಲರೂ ಕೂಲಿನಾಲಿಯವರ ಮಕ್ಕಳು, ಎಲ್ಲರೂ ಯಾರದಾದರೂ ಸೊಂಟದ ಮೇಲೆ, ಹೆಗಲ ಮೇಲೆ ಬರುವವರು.

ಹನ್ನೊಂದು ಮಕ್ಕಳೂ ನನಗೆ ಒಂದೇ ಎಂದು ಬರೆದರೆ ಸುಳ್ಳಾಗುತ್ತದೆ. ಈ ಹುಡುಗಿಯ ಮೇಲೆ ನನಗೆ ಆಸೆ ಜಾಸ್ತಿ. ಬುದ್ಧಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಾಲಿನ ಸ್ನಾಯು ಮಾತ್ರ ಹುಟ್ಟಿದಾಗಿನಿಂದ ಬಿಗಿ. ಎಳೆದು ಎಳೆದು ಸಡಿಲಿಸದಿದ್ದರೆ ಮಂಡಿ ಮಡಚಿದಲ್ಲೇ ನಿಂತುಬಿಡುತ್ತದೆ. ವಾರವಾರವೂ ಕೋನ ಅಳೆಯುವ ಪಟ್ಟಿಯನ್ನು ಅವಳ ಮಂಡಿಗೆ ಹಿಡಿಯುತ್ತಿದ್ದೆ. ಮಂಡಿ ನೆಟ್ಟಗಾಗಲು ಎಷ್ಟು ಡಿಗ್ರಿ ಬಾಕಿ ಇದೆ ಎಂದು ಅದು ತೋರಿಸುತ್ತದೆ. ಬೇರೆ ಮಕ್ಕಳು ಅದರ ಕಡೆ ನೋಡುವುದೂ ಇಲ್ಲ. ಇವಳು ಪ್ರತಿ ಸಲ "ಎಷ್ಟು?" ಎಂದು ಕೇಳುತ್ತಿದ್ದಳು. ನಾನು ಇದ್ದದ್ದು ಇದ್ದಂತೆ ಹೇಳುತ್ತಿದ್ದೆ. ಹದಿನೈದರ ಆಚೀಚೆ ಇರುತ್ತಿತ್ತು.

ಅಷ್ಟಿದ್ದರೆ ಮಗುವನ್ನು ಕಾಲ ಮೇಲೆ ನಿಲ್ಲಿಸಬಹುದು. ನಮ್ಮಲ್ಲಿ ಮರದ ಚೌಕಟ್ಟೊಂದಿದೆ, ಮಗುವನ್ನು ಅದರೊಳಗೆ ನಿಲ್ಲಿಸಿ ಎದೆಗೆ, ಸೊಂಟಕ್ಕೆ, ಮಂಡಿಗೆ ಪಟ್ಟಿ ಬಿಗಿಯುತ್ತೇವೆ. ಇವಳ ಚೌಕಟ್ಟನ್ನು ಕಿಟಕಿಯ ಮುಂದೆಯೇ ಇಡಬೇಕು, ಇಲ್ಲದಿದ್ದರೆ ರಂಪ. ಅಲ್ಲಿ ನಿಂತು ಅರ್ಧ ಗಂಟೆ ಕ್ರಾಸಿನಲ್ಲಿ ಹೋಗುವ ಬಸ್ಸುಗಳ ಬೋರ್ಡು ಓದುತ್ತಿದ್ದಳು. ಅರಸೀಕೆರೆ, ತುರುವೇಕೆರೆ, ತುಮಕೂರು. ಮನೆಯಲ್ಲಿ ದಿನವೆಲ್ಲ ಚಾಪೆಯ ಮೇಲಿರುವ ಹುಡುಗಿ. "ನಿಂತ್ಕಂಡ್ ನೋಡಿದ್ರೆ ಎಲ್ಲಾ ಬ್ಯಾರೆ ಥರ ಕಾಣ್ತದೆ ಮಿಸ್," ಎಂದು ಒಂದು ಸಲ ಹೇಳಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೇ, ವಾರಕ್ಕೆ ಅರ್ಧ ಗಂಟೆ ನಿಲ್ಲುವುದು.

ಒಂದು ಗುರುವಾರ ವ್ಯಾಯಾಮ ಮುಗಿದ ಮೇಲೆ ತಾಯಿ ನನ್ನನ್ನು ಹೊರಗೆ ಕರೆದಳು. ಅವಳು ಕೊಬ್ಬರಿಯ ಚಿಪ್ಪು ಒಡೆಯುವ ಕೂಲಿಗೆ ಹೋಗುವವಳು, ಗಟ್ಟಿ ಹೆಂಗಸು. ಗೋಡೆಗೆ ಒರಗಿ ನಿಂತು, "ಇನ್ನು ಆಗಕಿಲ್ಲ ಮೇಡಂ. ಇವಳು ಬೆಳೆದ್ಲು, ನನ್ ಸೊಂಟ ಬೆಳೀಲಿಲ್ಲ," ಎಂದಳು. "ಹುಳಿಯಾರಲ್ಲಿ ಒಂದ್ಸಲ ಹತ್ತಿ ಇಳೀಬೇಕು, ಇಲ್ಲಿ ಒಂದ್ಸಲ. ಬಸ್ಸಿನ ಮೆಟ್ಲು ನನ್ ಎದೆಮಟ್ಟಕ್ಕದೆ. ಹೋದ್ ವಾರ ಇಬ್ಬರೂ ಬೀಳಾದು ತಪ್ತು. ಕಂಡಕ್ಟ್ರು ಹಿಡ್ಕಂಡ." ನಾನು ಏನೋ ಸಮಾಧಾನ ಹೇಳಿದೆ. ಮುಂದಿನ ಗುರುವಾರ ಹತ್ತೂ ಕಾಲಿಗೆ ಬಸ್ಸು ಬಂತು, ನಿಂತಿತು, ಹೋಯಿತು. ಕೂಗು ಕೇಳಲಿಲ್ಲ. ಒಂದು ಮಗು ಬರದೆ ಹೋದರೆ ಹತ್ತು ಮಕ್ಕಳಿರುವ ಕೋಣೆ ಇಷ್ಟು ಬಣಬಣ ಎನ್ನುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬೇಕಾಗಿದ್ದದ್ದು ಒಂದು ವ್ಯಾನು. ಹಳೆಯದಾದರೂ ಸರಿ, ಹಿಂಬಾಗಿಲಿಗೆ ಇಳಿಜಾರು ಹಲಗೆ ಹಾಕಿಸಿ, ಗುರುವಾರ ಊರೂರು ಸುತ್ತಿ ಮಕ್ಕಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹತ್ತಿಸಿಕೊಂಡು ಬರುವಂಥದ್ದು. ನನ್ನ ಜೊತೆ ಆಗ ಇದ್ದವರು ತಿಪಟೂರಿನ ನಿವೃತ್ತ ಪಿ.ಟಿ. ಮೇಷ್ಟ್ರು. ಏನೇ ಹೇಳಿ, ಅವರು ಅದಕ್ಕೊಂದು ಓಟದ ಸ್ಪರ್ಧೆ ಇಡುತ್ತಾರೆ. "ನಡೆಯಲಾಗದ ಮಕ್ಕಳಿಗಾಗಿ ನಡಿಗೆ, ಒಬ್ಬೊಬ್ಬರೂ ಹತ್ತು ಕಿಲೋಮೀಟರ್, ಸವಾಲು!" ಎಂದು ಹೊರಟರು. ಬ್ಯಾನರ್ ಆಯಿತು, ಬಿಳಿ ಟೋಪಿ ಆಯಿತು. ಮೂವತ್ತು ಜನ ಬಂದರು, ಫೋಟೊ ತೆಗೆಸಿಕೊಂಡರು, ಮೊದಲನೆಯ ಟೀ ಅಂಗಡಿಯ ಹತ್ತಿರ ಹದಿನೆಂಟಾದರು. ಬಂದ ದೇಣಿಗೆ ಬ್ಯಾನರಿಗೂ ಬಾಳೆಹಣ್ಣಿಗೂ ಸರಿಹೋಯಿತು. ನಾನು ಮೇಷ್ಟ್ರ ಮೇಲೆ ರೇಗಾಡಿಬಿಟ್ಟೆ. ಪಾಪ, ಆ ಮನುಷ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

ದಾರಿ ತೋರಿಸಿದ್ದು ನೊಣವಿನಕೆರೆಯ ಒಬ್ಬ ಅಜ್ಜಿ. ಸೊಸೆಯ ಸೊಂಟನೋವಿಗೆಂದು ನಾನು ಅವರ ಮನೆಗೆ ಹೋಗುತ್ತಿದ್ದೆ. ನನ್ನ ಗೋಳು ಕೇಳಿ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಹೇಳಿತು, "ನಮ್ ಜನದ ತಾವ ದುಡ್ ಕೇಳ್ಬ್ಯಾಡ ಕಣವ್ವ, ಮುಖ ಗಂಟಿಕ್ಕತಾವೆ. ಕಾಯಿ ಕೇಳು. ನೂರು ಕಾಯಿ ಅಂದ್ರೆ ಯಾವನೂ ಇಲ್ಲ ಅನ್ನಕಿಲ್ಲ." ಆಮೇಲೆ ತಲೆ ಎತ್ತಿ ಅಟ್ಟ ತೋರಿಸಿತು. "ಓ ಅಲ್ಲಿ ಮೂಲೇಲಿ ಹಲಗೆ ಅಡ್ಡ ಕಟ್ಟಿ ನಿನ್ ಮಕ್ಕಳ ಹೆಸ್ರಲ್ಲಿ ನೂರು ಕಾಯಿ ಹಾಕ್ತೀನಿ. ಹನ್ನೊಂದ್ ತಿಂಗಳು ಮುಟ್ಟಕಿಲ್ಲ. ಕೊಬ್ಬರಿಯಾದಾಗ ಬಂದು ಇಳಿಸ್ಕಂಡ್ ಹೋಗು."

ನಾನು ತುರುವೇಕೆರೆಯಲ್ಲೇ ಹುಟ್ಟಿ ಬೆಳೆದವಳು, ಆದರೂ ಇದು ಹೊಳೆದಿರಲಿಲ್ಲ. ಉಂಡೆ ಕೊಬ್ಬರಿ ಮಾಡುವುದರಲ್ಲಿ ಮನುಷ್ಯರ ಕೆಲಸ ಕಡಿಮೆ. ಬಲಿತ ಕಾಯಿಯನ್ನು ಹೊರಗಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಬೇಕು, ಬಿಡಬೇಕು. ಕೆಳಗಿನ ಒಲೆಯ ಕಾವಿಗೆ, ಹೊಗೆಗೆ ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಒಳಗೇ ಉಂಡೆಯಾಗುತ್ತದೆ. ಅಲ್ಲಾಡಿಸಿದಾಗ ನೀರಿನ ಸದ್ದು ಹೋಗಿ ಲೊಟಲೊಟ ಎಂದರೆ ಆಯಿತು ಅಂತ ಲೆಕ್ಕ. ಕಷ್ಟ ಇರುವುದು ಆ ಹನ್ನೊಂದು ತಿಂಗಳು ಕೈ ಹಾಕದೆ ಇರುವುದರಲ್ಲಿ. ಮದುವೆ ಬರುತ್ತದೆ, ಹಬ್ಬ ಬರುತ್ತದೆ, ಕಾಯಿಗೆ ರೇಟು ಬರುತ್ತದೆ. ಹಾಗಾಗಿ ಅದನ್ನೇ ಸವಾಲು ಮಾಡಿದೆವು. ಮನೆಗೆ ನೂರು ಕಾಯಿ, ಸಂಕ್ರಾಂತಿವರೆಗೆ ಯಾರೂ ಮುಟ್ಟಬಾರದು.

ಶಿವರಾತ್ರಿ ಕಳೆದ ವಾರದಿಂದ ನಾನೂ ಮೇಷ್ಟ್ರೂ ಸ್ಕೂಟರಿನಲ್ಲಿ ಮನೆಮನೆ ತಿರುಗಿದೆವು. ಅಜ್ಜಿಯ ಮಾತು ಸುಳ್ಳಾಗಲಿಲ್ಲ. ನಡಿಗೆಗೆ ಬಾರದ ಜನ ಅಟ್ಟ ಹತ್ತಿದರು. "ಅವ್ನು ನೂರ್ ಹಾಕವ್ನಾ? ಹಂಗಾದ್ರೆ ನಂದೂ ಬರ್ಕಳಿ," ಎಂದು ದಾಯಾದಿಗಳ ನಡುವೆ ಪೈಪೋಟಿಯಾಯಿತು. ಮೇಷ್ಟ್ರಿಗೆ ಇಂಥದ್ದೇ ಬೇಕಿತ್ತು, ಯಾರ ಮನೆ ಸೇರಿತು, ಯಾರ ಮನೆ ಬಾಕಿ ಇದೆ ಎಂದು ವಾರಕ್ಕೊಂದು ಸಲ ವಾಟ್ಸಾಪಿನಲ್ಲಿ ಹಾಕುತ್ತಿದ್ದರು. ಮೂರು ತಾಲ್ಲೂಕು ಸೇರಿ ನೂರಿಪ್ಪತ್ತು ಮನೆ ಆಯಿತು. ಕಾಯಿಯ ರಾಶಿಯ ಸುತ್ತ ಸುಣ್ಣದ ಗೆರೆ ಎಳೆದು, ಮನೆಯವರೆಲ್ಲರ ಮುಂದೆ ನಾನೇ ಹೇಳಿ ಬರುತ್ತಿದ್ದೆ, "ಯಾವ ಕಾರಣಕ್ಕೂ ಮುಟ್ಟಬಾರದು." ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬೆರಳೆತ್ತಿ ಹೇಳುತ್ತಿದ್ದೆ.

ಕೆಂಕೆರೆಯ ತಾಯಿಯೂ ಬಿಡಲಿಲ್ಲ. ಅವರಿಗಿದ್ದದ್ದು ಹಿತ್ತಲಿನ ಎಂಟು ಮರ. "ನಮ್ ಮಗೀಗೆ ಬ್ಯಾರೆಯವರು ಹಾಕ್ತಾರೆ, ನಾವ್ ಹಾಕ್ದೆ ಇದ್ರೆ ಏನ್ ಚೆಂದ?" ಎಂದು ನೂರು ಕಾಯಿ ಹೊಂದಿಸಿ ಅಟ್ಟಕ್ಕೇರಿಸಿದಳು. ಹುಡುಗಿಯ ಚಾಪೆ ಇದ್ದದ್ದು ಅದೇ ಅಟ್ಟದ ಕೆಳಗೆ. ನಾನು ಹೋದಾಗ ಮಲಗಿದ್ದಲ್ಲಿಂದಲೇ ಮೇಲೆ ಕೈ ತೋರಿಸಿ, "ನಮ್ ವ್ಯಾನು ಅಲ್ಲೈತೆ ಮಿಸ್," ಎಂದು ನಕ್ಕಳು. ಮಂಡಿ ಅಳೆದೆ. "ಎಷ್ಟು?" ಎಂದಳು. ಹದಿನೆಂಟು ಎಂದೆ. ತಿಂಗಳಿಗೊಂದು ಸಲ ಬರುತ್ತೇನೆ, ಅಲ್ಲಿಯವರೆಗೆ ದಿನಾ ಎರಡು ಹೊತ್ತು ಹೀಗೆ ಎಳೆಯಬೇಕು ಎಂದು ತಾಯಿಗೆ ತೋರಿಸಿಕೊಟ್ಟೆ. ಬೆಳಿಗ್ಗೆ ಏಳಕ್ಕೆ ಕೂಲಿಗೆ ಹೋಗಿ ಸಂಜೆ ಬರುವವಳಿಗೆ ದಿನಾ ಎರಡು ಹೊತ್ತು ಎಂದು ಹೇಳಿದ ನನ್ನ ಬುದ್ಧಿಗೆ ಏನನ್ನಬೇಕು!

ಮೊದಲ ಏಟು ಬಿದ್ದದ್ದು ಐದನೆಯ ತಿಂಗಳು, ಮಳೆಗಾಲದಲ್ಲಿ. ಬಿದ್ದದ್ದೂ ಅದೇ ಮನೆಯಲ್ಲಿ. ನಾನು ಹೊಸಿಲು ದಾಟುತ್ತಿದ್ದಂತೆ ಹುಳಿ ವಾಸನೆ ಹೊಡೆಯಿತು. ಹುಡುಗಿಯ ಚಾಪೆಯನ್ನು ಇನ್ನೊಂದು ಗೋಡೆಗೆ ಸರಿಸಿದ್ದರು. ಏಣಿ ಹತ್ತಿ ನೋಡಿದರೆ, ಹೆಂಚು ಒಡೆದು ನೀರು ನೇರವಾಗಿ ಸುಣ್ಣದ ಗೆರೆಯೊಳಕ್ಕೇ ಸುರಿದಿದೆ. ಕಾಯಿಗಳು ಮೆತ್ತಗಾಗಿ, ಕಪ್ಪಗಾಗಿ, ಕೆಲವು ಮೊಳಕೆ ಬೇರೆ ಒಡೆದಿವೆ. ಗೆರೆಯ ಆಚೆ ಇದ್ದ ಮನೆಯ ನಾಲ್ಕು ಕಾಯಿಗಳನ್ನು ಮಾತ್ರ ಒಣ ಜಾಗಕ್ಕೆ ಸರಿಸಿಟ್ಟಿದ್ದಾರೆ.

"ಇದನ್ಯಾಕಮ್ಮ ಸರಿಸಲಿಲ್ಲ?" ಎಂದು ಮೇಲಿಂದಲೇ ಕಿರುಚಿದೆ.

ತಾಯಿ ಮುಖ ಸಣ್ಣದು ಮಾಡಿಕೊಂಡು, "ನೀವೇ ಮುಟ್ಬಾರ್ದು ಅಂದಿದ್ರಲ್ಲ ಮೇಡಂ," ಎಂದಳು.

"ನೀರು ಬಿದ್ರೂ ಮುಟ್ಟಬಾರದು ಅಂದಿದ್ನಾ?"

"ಯಾವ್ ಕಾರಣಕ್ಕೂ ಅಂದ್ರಿ. ನಾವು ಮುಡಿಪು ಅಂತ್ಲೇ ಇಟ್ಟಿದ್ವಿ. ಮುಡಿಪು ಮುಟ್ತಾರಾ?"

ಕಣ್ಣಿಟ್ಟು ನೋಡಿದೆ. ತೊಲೆಗೆ ಅರಿಶಿನದ ಬಟ್ಟೆಯ ಪುಟ್ಟ ಗಂಟು ಕಟ್ಟಿತ್ತು. ದೇವರಿಗೆ ಹರಕೆ ಹೊತ್ತವರು ಕಾಣಿಕೆಯನ್ನು ಬಟ್ಟೆಯಲ್ಲಿ ಕಟ್ಟಿಡುತ್ತಾರಲ್ಲ, ಅವಧಿ ಮುಗಿಯುವವರೆಗೆ ಬಿಚ್ಚುವುದಿಲ್ಲವಲ್ಲ, ಹಾಗೆ. ಹುಡುಗಿ ಕೆಳಗಿಂದ ಹೇಳಿದಳು, "ನಾನು ಅವ್ವಂಗೆ ಹೇಳ್ದೆ ಮಿಸ್, ನೀರು ತೊಟ್ಟಿಕ್ತಾ ಐತೆ ಅಂತ. ಮೂರ್ ದಿನ ಹೇಳ್ದೆ." ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನಮ್ಮದೇ ಕೊಳೀಬೇಕಾ ಮೇಡಂ, ನಮ್ಮದೇ ಕೊಳೀಬೇಕಾ," ಎಂದು ಅತ್ತಳು. ನನಗೆ ನನ್ನ ಎತ್ತಿದ ಬೆರಳು ನೆನಪಾಗಿ, ಏಣಿಯಿಂದ ಇಳಿಯುವುದಕ್ಕೂ ನಾಚಿಕೆಯಾಯಿತು.

ಮಾರನೆಯ ದಿನದಿಂದ ನೂರಿಪ್ಪತ್ತು ಮನೆಯನ್ನೂ ಮತ್ತೆ ಸುತ್ತಿದೆವು. ಎಲ್ಲ ಕಡೆಯೂ ಇದೇ ಕಥೆ. ನಮ್ಮ ಸವಾಲು ಯಾವಾಗಲೋ ಮುಡಿಪಾಗಿಬಿಟ್ಟಿತ್ತು. ಅರಿಶಿನ ಕುಂಕುಮ ಇಟ್ಟಿದ್ದಾರೆ, ಶುಕ್ರವಾರ ಗಂಧದಕಡ್ಡಿ ಹಚ್ಚಿದ್ದಾರೆ, ಆದರೆ ಇಲಿ ತೂತು ಮಾಡಿದ ಕಾಯಿಯನ್ನು ತೆಗೆದಿಲ್ಲ. ನಾನು ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಅಟ್ಟ ಹತ್ತಿ, ಕೆಟ್ಟದ್ದನ್ನು ಆರಿಸಿ ಕೆಳಕ್ಕೆ ಎಸೆದೆ. ಸೋರುವ ಕಡೆ ಮೇಷ್ಟ್ರು ಟಾರ್ಪಾಲು ಕಟ್ಟಿದರು. "ನಾವಾದ್ರೆ ಮುಟ್ಟಬಹುದು, ನಾವು ಪೂಜಾರಿಗಳು," ಎಂದು ಅವರು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಆ ತಿಂಗಳು ಹುಡುಗಿಯ ಮಂಡಿ ಇಪ್ಪತ್ತೆರಡು ತೋರಿಸಿತ್ತು.

ಏಳನೆಯ ತಿಂಗಳಿಗೆ, ಗೌರಿ ಹಬ್ಬದ ಆಸುಪಾಸು, ಕಾಯಿಗೆ ನಾವು ಯಾರೂ ಕಂಡು ಕೇಳದ ರೇಟು ಬಂತು. ಅಟ್ಟಕ್ಕೆ ಹಾಕುವ ತಾಳ್ಮೆ ಯಾರಿಗೂ ಉಳಿಯಲಿಲ್ಲ, ಮರದಿಂದ ಇಳಿದದ್ದು ಇಳಿದಂತೆಯೇ ಲಾರಿ ಹತ್ತುತ್ತಿತ್ತು. ತಿಪಟೂರಿನ ಎಣ್ಣೆ ಮಿಲ್ಲಿನ ಮಾಲೀಕರೊಬ್ಬರು ನಮ್ಮ ವಿಷಯ ಕೇಳಿ ತಾವೇ ಫೋನ್ ಮಾಡಿದರು. ಏಳು ತಿಂಗಳ ಕಾಯಿ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಪೇಟೆಯಲ್ಲಿ ಯಾರೂ ಮೂಸುವುದಿಲ್ಲ. ಆದರೆ ಹೋಳು ಮಾಡಿ ಬಿಸಿಲಿಗೆ ಹಾಕಿದರೆ ಎಣ್ಣೆಗಾಗುತ್ತದೆ. "ಈ ರೇಟಲ್ಲಿ ನಾನು ಅದನ್ನೂ ತಗೋತೀನಿ ಮೇಡಂ. ಈ ವಾರವೇ ಇಳಿಸಿ, ನಿಮ್ಮ ವ್ಯಾನಿನ ದುಡ್ಡು ಆಗೋಗುತ್ತೆ. ಸಂಕ್ರಾಂತಿ ಹೊತ್ತಿಗೆ ಏನಾಗುತ್ತೋ ಯಾರಿಗ್ಗೊತ್ತು?" ಎಂದರು.

ನನಗೆ ಆ ಫೋನು ದೇವರೇ ಮಾಡಿದ ಹಾಗಾಯಿತು. ನಾಲ್ಕು ತಿಂಗಳು ಮೊದಲೇ ವ್ಯಾನು! ನಾಲ್ಕು ತಿಂಗಳು ಎಂದರೆ ಹದಿನಾರು ಹದಿನೇಳು ಗುರುವಾರ. ಹುಡುಗಿ ದಿಢೀರನೆ ಎತ್ತರ ಬೆಳೆಯುವ ವಯಸ್ಸಿನಲ್ಲಿದ್ದಳು. ಮೂಳೆ ಬೆಳೆಯುತ್ತದೆ, ಬಿಗಿದ ಸ್ನಾಯು ಅದರ ಜೊತೆ ಬೆಳೆಯುವುದಿಲ್ಲ, ಮಂಡಿ ವಾರವಾರಕ್ಕೂ ಮಡಚಿಕೊಳ್ಳುತ್ತದೆ. ಇಪ್ಪತ್ತೈದು ದಾಟಿದರೆ ಚೌಕಟ್ಟಿನ ಮಂಡಿಪಟ್ಟಿ ಕೂರುವುದಿಲ್ಲ. ಅಷ್ಟು ಹೊತ್ತಿಗೆ ಇಪ್ಪತ್ತನಾಲ್ಕು ಆಗಿತ್ತು. ಸ್ಕೂಟರ್ ತೆಗೆದುಕೊಂಡು ಸೀದಾ ನೊಣವಿನಕೆರೆಗೆ ಹೋದೆ. ಅಜ್ಜಿ ಒಪ್ಪಿದರೆ ಉಳಿದ ಮನೆಗಳೆಲ್ಲ ಒಪ್ಪಿದ ಹಾಗೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡು ತಲೆ ಆಡಿಸಿತು. "ಆಗಕಿಲ್ಲ ಕಣವ್ವ."

"ಯಾಕಜ್ಜಿ? ಮಕ್ಕಳಿಗೇ ತಾನೇ?"

"ಸಂಕ್ರಾಂತಿಗಂಟ ಮುಟ್ಟಕಿಲ್ಲ ಅಂತ ಬಾಯ್ಬುಟ್ಟು ಹೇಳಿವ್ನಿ. ರೇಟ್ ಬಂತು ಅಂತ ಮುಡಿಪು ಬಿಚ್ಚಿದ್ರೆ ನನ್ನ ಸೊಸೇರು ನಾಳೆ ನನ್ ಮಾತಿಗೆ ಕಿಮ್ಮತ್ ಕೊಡ್ತಾರಾ?"

"ಸವಾಲು ಅಂದಿದ್ದು ನಾನು. ನಾನೇ ಬಿಡಿ ಅಂತಾ ಇದೀನಿ."

"ನೀನು ಪೂಜಾರಿ. ಮುಡಿಪು ನಿಂದಲ್ಲ." ಅಜ್ಜಿ ಎಲೆಯ ತಟ್ಟೆ ಎಳೆದುಕೊಂಡಿತು. "ಒಂದ್ ದಾರಿ ಐತೆ. ಮುಡಿಪು ಯಾರ್ದೋ ಅವರೇ ಬಂದು ಬಾಗ್ಲಲ್ಲಿ ನಿಂತು ಈಗ್ಲೇ ಕೊಡು ಅಂದ್ರೆ ಇಲ್ಲ ಅನ್ನಕಾಗಕಿಲ್ಲ. ಯಾವ್ ಮಗೀಗೋಸ್ಕರ ಇದೆಲ್ಲಾ ಶುರುವಾಯ್ತೋ ಆ ಕೆಂಕೆರೆ ಮಗೀನ ಕರ್ಕಂಬಾ. ಕೇಳ್ಲಿ. ಈಗ್ಲೇ ಇಳಿಸ್ಕೊಡ್ತೀನಿ. ನನ್ ನೋಡಿ ಎಲ್ರೂ ಕೊಡ್ತಾರೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಕೊಡು ಎಂದು ಗೋಗರೆದರೂ ಕೊಡದ ಜನ. ಮೇಷ್ಟ್ರಿಗೆ ಹೇಳಿದೆ. ಅವರು ಆಗಲೇ ಮನಸ್ಸಿನಲ್ಲಿ ಮೆರವಣಿಗೆ ಕಟ್ಟಿಬಿಟ್ಟರು. ಒಂದು ಗೂಡ್ಸ್ ಆಟೊ, ಅದರಲ್ಲಿ ಹುಡುಗಿ, ಮೂರು ದಿನ, ನೂರಿಪ್ಪತ್ತು ಬಾಗಿಲು. ನನಗೆ ಮೈಯೆಲ್ಲ ಉರಿಯಿತು. ಮಗುವನ್ನು ಬಾಗಿಲು ಬಾಗಿಲಿಗೆ ಹೊತ್ತು ತಿರುಗಿಸಿ ಕಾಲು ತೋರಿಸಿ ಬೇಡಿಸುವುದೇ? ಅದಕ್ಕೂ ಬಸ್‌ಸ್ಟ್ಯಾಂಡಿನಲ್ಲಿ ಮಗುವನ್ನು ಮಲಗಿಸಿಕೊಂಡು ಕೈಯೊಡ್ಡುವುದಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಮೇಷ್ಟ್ರು ಈ ಸಲ ಸುಮ್ಮನಿರಲಿಲ್ಲ. "ನಿಮ್ಮ ಮರ್ಯಾದೆ ನೋಡ್ಕೋತೀರೋ, ಮಗೂ ಮಂಡಿ ನೋಡ್ಕೋತೀರೋ ಮೇಡಂ?" ಎಂದರು. ಆ ಮಾತು ನಾಟಿತು. ಯಾಕೆಂದರೆ ನನಗೆ ನಿಜವಾಗಿ ಬೇಕಾಗಿದ್ದದ್ದು ಅವಳು ಬರುವುದು. ಯಾವ ದಾರಿಯಾದರೂ ಆಗಲಿ, ಅವಳನ್ನು ಮತ್ತೆ ಆ ಕಿಟಕಿಯ ಮುಂದೆ ನಿಲ್ಲಿಸಬೇಕು ಎಂದು ಜೀವ ಹಾತೊರೆಯುತ್ತಿತ್ತು. ಗುರುವಾರ ಹತ್ತೂ ಕಾಲಿಗೆ ಬಸ್ಸಿನ ಸದ್ದು ಕೇಳಿದರೆ ಈಗಲೂ ಕತ್ತು ತಿರುಗುತ್ತಿತ್ತು.

ಕೊನೆಗೆ ಅವಳನ್ನೇ ಕೇಳೋಣ ಎಂದು ಕೆಂಕೆರೆಗೆ ಹೋದೆ. ಒಂದನ್ನೂ ಮುಚ್ಚಿಡದೆ ಹೇಳಿದೆ. ಈಗ ಇಳಿಸಿದರೆ ವ್ಯಾನು ಬೇಗ ಬರುತ್ತದೆ, ಕಾದರೆ ಮಂಡಿ ಇನ್ನೂ ಮಡಚಬಹುದು, ಚೌಕಟ್ಟಿನಲ್ಲಿ ನಿಲ್ಲಲು ಆಗದೆ ಹೋಗಬಹುದು. ಇಳಿಸಬೇಕಾದರೆ ನೀನೇ ಮನೆಮನೆಗೆ ಬಂದು ಕೇಳಬೇಕಂತೆ. ತಾಯಿ ಆ ಕ್ಷಣವೇ, "ಹೊತ್ಕಂಡ್ ಬತ್ತೀನಿ ಮೇಡಂ, ಸೊಂಟ ಮುರುದ್ರೆ ಮುರೀಲಿ," ಎಂದಳು.

ಹುಡುಗಿ ಅಟ್ಟದ ಕಡೆ ನೋಡುತ್ತಿದ್ದಳು. ಆ ಮೂಲೆ ಖಾಲಿಯಿತ್ತು, ಗೋಡೆಯ ಮೇಲೆ ನೀರಿಳಿದ ಕಲೆ ಮಾತ್ರ. "ನಾನ್ ಕೇಳಕಿಲ್ಲ ಮಿಸ್," ಎಂದಳು.

"ಯಾಕೆ ಪುಟ್ಟಿ?"

"ನಮ್ಮನೆ ಕಾಯೇ ಉಳೀಲಿಲ್ಲ. ನಮ್ದು ಒಂದೂ ಇಲ್ದೆ, ಅವರ ಬಾಗ್ಲಿಗೆ ಹೋಗಿ ನಿಮ್ದು ಕೊಡಿ ಅಂತ ಹೆಂಗ್ ಕೇಳ್ಲಿ?"

"ಅದು ನಿಮ್ಮ ತಪ್ಪಲ್ಲ ಕಣೇ, ನಂದು."

"ಯಾರ್ದಾದ್ರೂ ಆಗ್ಲಿ." ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ತುಂಬಿತ್ತು. "ನನ್ನ ಅಲ್ಲೆಲ್ಲಾ ಹೊತ್ಕಂಡ್ ತಿರುಗ್ಬ್ಯಾಡಿ ಮಿಸ್. ಎಲ್ರೂ ಕಾಲ್ ನೋಡ್ತಾರೆ. ಸಂಕ್ರಾಂತಿ ಬರ್ಲಿ, ನಾನ್ ಇರ್ತೀನಿ."

ಹನ್ನೊಂದು ವರ್ಷಕ್ಕೆ ಕಾಲಿಟ್ಟ ಮಗು. ಅದರ ಮಾತನ್ನು ಬದಿಗೊತ್ತಿ ದೊಡ್ಡವರು ತೀರ್ಮಾನ ತೆಗೆದುಕೊಳ್ಳಬೇಕಿತ್ತು ಎಂದು ಹೇಳುವವರು ಇದ್ದಾರೆ. ಮೇಷ್ಟ್ರು ಇವತ್ತಿಗೂ ಹೇಳುತ್ತಾರೆ. ನಾನು ಅವಳನ್ನು ತಿರುಗಿಸುವುದು ಬೇಡ ಎಂದೆ. ಎಣ್ಣೆ ಮಿಲ್ಲಿನವರಿಗೆ ಫೋನ್ ಮಾಡಿ ಸಂಕ್ರಾಂತಿವರೆಗೆ ಇಳಿಸುವುದಿಲ್ಲ ಎಂದು ಹೇಳಿದೆ. ತೀರ್ಮಾನ ನನ್ನದೇ. ಅದನ್ನು ಆ ಮಗುವಿನ ತಲೆಗೆ ಕಟ್ಟುವುದಿಲ್ಲ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಾನೇ ಕೆಂಕೆರೆಗೆ ಹೋದೆ. ತುರುವೇಕೆರೆಯಿಂದ ಸ್ಕೂಟರಿನಲ್ಲಿ ಒಂದೂವರೆ ಗಂಟೆಗೂ ಮೇಲೆ. ಬಿಸಿನೀರಿನಲ್ಲಿ ಅದ್ದಿದ ಟವೆಲು ಮಂಡಿಯ ಹಿಂದೆ ಕಟ್ಟಿ, ಸ್ನಾಯು ಸಡಿಲವಾದ ಮೇಲೆ ಮೆಲ್ಲಗೆ ಎಳೆದು ಹಿಡಿದು ನೂರು ಎಣಿಸುವುದು. ಎಣಿಕೆ ಅವಳದು. ನೋವಾದಾಗ ಎಪ್ಪತ್ತರಿಂದ ತೊಂಬತ್ತಕ್ಕೆ ಹಾರುತ್ತಿದ್ದಳು. "ಕಳ್ಳಿ, ಮಧ್ಯದ ಇಪ್ಪತ್ತು ಎಲ್ಲಿಗೆ ಹೋಯ್ತು?" ಎಂದರೆ, "ಇಲಿ ತಿಂದ್ವು," ಎನ್ನುತ್ತಿದ್ದಳು. ಕಿಟಕಿಯಾಚೆ ಯಾವ ಬಸ್ಸು ಹೋಯಿತು, ಹೊಸ ಬೋರ್ಡು ಯಾವುದು ಬಂತು ಎಂದು ಗುರುವಾರದ ಸುದ್ದಿಯನ್ನೆಲ್ಲ ಕೇಳುತ್ತಿದ್ದಳು. ಅವಳಿಗಾಗಿ ನಾನು ಬಸ್ಸಿನ ಬೋರ್ಡುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳತೊಡಗಿದೆ. ವಾರಕ್ಕೊಂದು ದಿನದ ಎಳೆತ ಬೆಳೆಯುವ ಮೂಳೆಗೆ ಸಮನಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಾರ್ತಿಕದಲ್ಲಿ ಜ್ವರ ಬಂದು ಎರಡು ಭಾನುವಾರ ತಪ್ಪಿಸಿದೆ. ಆ ಎರಡು ಭಾನುವಾರಗಳು ನನ್ನನ್ನು ಇನ್ನೂ ಚುಚ್ಚುತ್ತವೆ.

ಸಂಕ್ರಾಂತಿ ಆಯಿತು. ಅಜ್ಜಿ ತಾನೇ ನಿಂತು, ಅರಿಶಿನದ ಗಂಟು ಬಿಚ್ಚಿಸಿ, ಮೊದಲ ಕಾಯಿಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿತು. ಲೊಟಲೊಟ. ಎಲ್ಲ ಮನೆಯ ಕಾಯಿಯೂ ಅಜ್ಜಿಯ ಕಣಕ್ಕೆ ಬಂದು ಬಿತ್ತು. ಸವಾಲು ಹಾಕಿಕೊಂಡಿದ್ದ ಗಂಡಸರು ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿ ಚುಚ್ಚಿ ಮಟ್ಟೆ ಸುಲಿದರು. ಹೆಂಗಸರು ಚಿಪ್ಪು ಒಡೆಯಲು ಕೂತರು. ಕೆಂಕೆರೆಯ ತಾಯಿ ಬಸ್ಸು ಹಿಡಿದು ಬಂದು, ಕೂಲಿ ಬೇಡ ಎಂದು, ಮೂರು ದಿನ ಕೂತು ಒಡೆದಳು. ಚಿಪ್ಪಿಗೆ ಸುತ್ತಲೂ ಹದವಾಗಿ ಏಟು ಕೊಟ್ಟು, ಒಳಗಿನ ಉಂಡೆ ಮುಕ್ಕಾಗದಂತೆ ಬಿಡಿಸಬೇಕು, ಮುಕ್ಕಾದರೆ ಬೆಲೆ ಬಿತ್ತು. ಅವಳ ಮುಂದಿನ ರಾಶಿಯಲ್ಲಿ ಮುಕ್ಕಾದ ಉಂಡೆ ಒಂದೂ ಇರಲಿಲ್ಲ. ಸಂಜೆ ಕೈ ಒರೆಸಿಕೊಳ್ಳುತ್ತಾ, "ನಮ್ ನೂರು ತೀರ್ತಾ ಮೇಡಂ?" ಎಂದು ಕೇಳಿದಳು. ಎಂದೋ ತೀರಿತು ಕಣಮ್ಮ ಎಂದೆ.

ರೇಟು ಗೌರಿ ಹಬ್ಬದಷ್ಟು ಇರಲಿಲ್ಲ, ಆದರೆ ಬಹಳ ಕೆಳಗೂ ಬಿದ್ದಿರಲಿಲ್ಲ. ಹಳೆಯ ವ್ಯಾನಿಗೂ ಇಳಿಜಾರು ಹಲಗೆಗೂ ಸಾಕಾಯಿತು. ಎಣ್ಣೆ ಮಿಲ್ಲಿನವರು ಎದುರಿಗೆ ಸಿಕ್ಕಾಗ, "ಅವತ್ತೇ ಕೊಟ್ಟಿದ್ರೆ ಹೊಸದೇ ಬರ್ತಿತ್ತಲ್ಲ," ಎಂದು ನಕ್ಕರು. ಮೇಷ್ಟ್ರು ವ್ಯಾನಿನ ಮುಂದೆ ತೆಂಗಿನಕಾಯಿ ಒಡೆದು, ಟೋಪಿ ಹಾಕಿಕೊಂಡು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರು.

ಮೊದಲ ಗುರುವಾರ ವ್ಯಾನು ಒಂಬತ್ತೂ ಮುಕ್ಕಾಲಿಗೇ ಬಂತು. ಹಲಗೆ ಇಳಿಯಿತು. ಗಾಲಿಕುರ್ಚಿಯಲ್ಲಿ ಅವಳು. ಹೊಸ ಲಂಗ, ಎರಡು ಜಡೆ. "ಮಿಸ್, ಬಂದ್ವಿ!" ಎಂದು ಕೂಗಿದಳು. ನಾನು ಓಡಿಹೋಗಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಸುಮಾರು ಒಂದು ವರ್ಷ ಕಿವಿಗೊಟ್ಟು ಕೂತಿದ್ದ ಕೂಗು ಅದು. ಮೇಷ್ಟ್ರು ಆ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು.

ಒಳಗೆ ಮೇಜಿನ ಮೇಲೆ ಮಲಗಿಸಿ, ಟವೆಲು ಕಟ್ಟಿ, ಎಳೆದು, ಅಳೆದೆ. ಅವಳು ಕತ್ತೆತ್ತಿ "ಎಷ್ಟು?" ಎಂದಳು.

ಸುಳ್ಳು ಹೇಳಬೇಕೆನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು. "ಮೂವತ್ತಾರು," ಎಂದೆ.

ಅವಳಿಗೆ ಅದರ ಅರ್ಥ ಗೊತ್ತು. ಆದರೂ ನಿಲ್ಲಿಸಿ ನೋಡೋಣ ಎಂದಳು. ನಾನೂ ಅವಳ ತಾಯಿಯೂ ಸೇರಿ ಚೌಕಟ್ಟಿನೊಳಗೆ ಎತ್ತಿದೆವು. ಎದೆಯ ಪಟ್ಟಿ ಕೂತಿತು, ಸೊಂಟದ್ದು ಕೂತಿತು. ಮಂಡಿಪಟ್ಟಿ ಕೊಂಡಿಗೆ ಎಟುಕಲು ನಾಲ್ಕು ಬೆರಳು ಸಾಲಲಿಲ್ಲ. ಒತ್ತಿದರೆ ನೋಯುತ್ತದೆ. ಅವಳು ಹಲ್ಲು ಕಚ್ಚಿ "ಒತ್ತಿ ಮಿಸ್," ಎಂದಳು. ನಾನು ಒತ್ತಲಿಲ್ಲ. ಇಳಿಸಿ ಮತ್ತೆ ಕುರ್ಚಿಯಲ್ಲಿ ಕೂರಿಸಿದೆವು. ಆಪರೇಷನ್ ಮಾಡಿದರೆ ಆಗಬಹುದು, ದೊಡ್ಡಾಸ್ಪತ್ರೆಗೆ ಬರೆಯುತ್ತೇನೆ, ವಾರವಾರ ಬಂದರೆ ಇನ್ನೂ ಮಡಚದಂತೆ ತಡೆಯಬಹುದು ಎಂದು ಏನೇನೋ ಹೇಳಿದೆ. ತಾಯಿ ಗೋಡೆಯ ಕಡೆ ತಿರುಗಿ ನಿಂತಿದ್ದಳು. "ಅವತ್ತು ನಾನು ನಿನ್ನ ಮಾತು ಕೇಳಬಾರದಿತ್ತು ಪುಟ್ಟಿ," ಎಂದೆ.

"ಕೇಳಿದ್ದು ಒಳ್ಳೇದಾಯ್ತು ಬುಡಿ ಮಿಸ್," ಎಂದಳು. ಲಂಗದ ಅಂಚು ಮಡಚುತ್ತಾ ಬಿಚ್ಚುತ್ತಾ ಕೂತಿದ್ದಳು. ಆಮೇಲೆ ಕೇಳಿದಳು, "ಮುಂದಿನ ವಾರ ನಮ್ಮೂರಿಗೆ ವ್ಯಾನು ಎಷ್ಟ್ ಗಂಟೆಗೆ ಬತ್ತದೆ?"

"ಎಂಟಕ್ಕೆ."

"ನಾನು ಏಳಕ್ಕೇ ಬಾಗ್ಲಲ್ಲಿರ್ತೀನಿ," ಎಂದಳು.